ಮೊಣಕಾಲಿನ ಶಾಲು

ಮೂಡಲಗಿಯಲ್ಲಿ ನಮ್ಮ ಬಾಜೂ ಮನೆಯ ಅಜ್ಜಿ, ನಾನು ಬಸುರಿಯಾದ ಸುದ್ದಿ ಕೇಳಿದ ವಾರವೇ ಹಳದಿ ಉಣ್ಣೆಯ ಶಾಲು ಹೆಣೆಯಲು ಕೂತರು. "ಯಾರಿಗ್ರಿ ಅಜ್ಜಿ?" ಎಂದರೆ ಹೆಣೆದಷ್ಟನ್ನು ಕಾಲ ಮೇಲೆ ಎಳೆದುಕೊಂಡು, "ನನ್ನ ಮೊಣಕಾಲಿಗಿ. ಭಾಳ ನೋಯ್ತಾವ" ಎನ್ನುತ್ತಿದ್ದರು. ಹುಟ್ಟುವ ಮೊದಲೇ ಕೂಸಿಗೆಂದು ಏನನ್ನೂ ಮಾಡಬಾರದೆಂಬ ನಂಬಿಕೆ ನಮ್ಮ ಕಡೆ ಇದೆ. ನನ್ನ ಮೊದಲ ಬಸಿರು ಉಳಿದಿರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಒಂದು ಹೆಣಿಕೆ ತಪ್ಪಿದರೂ ಇಡೀ ಸಾಲು ಬಿಚ್ಚುತ್ತಿದ್ದರು. ಅಂಚಿನಲ್ಲಿ ಬಿಳಿ ಕುರಿಮರಿಗಳು ಮೂಡಿದಾಗಲೂ ಅದು ಮೊಣಕಾಲಿಗೇ. ಕೊನೆಯ ಸಾಲನ್ನು ಮಾತ್ರ ಹೆಣೆಯದೆ ಬಿಟ್ಟರು.

ಗೋಕಾಕದ ದವಾಖಾನೆಯಲ್ಲಿ ನನಗೆ ಮಗಳು ಹುಟ್ಟಿದ ಮರುದಿನ ಅಜ್ಜಿ ಬಸ್ಸು ಹಿಡಿದು ಬಂದರು. ಕಡ್ಡಿ ಇನ್ನೂ ಶಾಲಿನಲ್ಲೇ ಇತ್ತು. ನನ್ನ ಮಂಚದ ಮೇಲೆ ಕೂತು ಉಳಿದ ಸಾಲು ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದರು.

"ಇಷ್ಟ ಚಂದ ಹೆಣದೀರಿ, ಯಾರಿಗ್ರಿ ಅಜ್ಜಿ?" ಎಂದಳು ನರ್ಸ್.

ಅಜ್ಜಿ ಎದ್ದು ನಿಂತು, ಇಡೀ ವಾರ್ಡಿಗೆ ಕಾಣುವಂತೆ ಶಾಲನ್ನು ಎರಡೂ ಕೈಯಲ್ಲಿ ಹರವಿ ಹಿಡಿದರು.

"ನಮ್ಮ ಕೂಸಿಗಿ ಯವ್ವಾ! ಮೊಣಕಾಲಿಗಿ ಯಾರರ ಕುರಿಮರಿ ಹೆಣಿತಾರೇನ?"