ಕಾಲುವೆ ದಾಟದ ಭಾಗಮ್ಮ

ಶಹಾಪುರ ಸೀಮೆಗೆ ಕಾಲುವೆ ನೀರು ಬಂದ ವರ್ಷವೇ ಹತ್ತಿಕುಣಿಯ ಭಾಗಮ್ಮ ಆ ಕಡೆಯ ಒಂದು ಊರಿಗೆ ಸೊಸೆಯಾಗಿ ಬಂದಳು. ನೀರು ಕಂಡು ಊರಿಗೆ ಊರೇ ಹಿಗ್ಗಿತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭಾಗಮ್ಮನ ಪಾಲಿಗೆ ಮಾತ್ರ ಅದು ಬೇಲಿಯಾಯಿತು.

ಮೊದಲ ಬಸಿರು ಮೂರು ತಿಂಗಳಿಗೇ ಇಳಿದಾಗ ಅತ್ತೆ ಗೊಲ್ಲಾಳಮ್ಮ ಕಾರಣ ಹುಡುಕಿಬಿಟ್ಟಳು. "ಹೊಟ್ಟೀಲಿದ್ದಾಕಿ ಹರಿಯೋ ನೀರು ದಾಟಬಾರ್ದು. ತವರಿಗಿ ಹೋಗಾಕಂತ ನೀ ಕಾಲುವಿ ದಾಟಿದಿ." ಅಲ್ಲಿಂದ ಮುಂದೆ ಮುಟ್ಟು ನಾಲ್ಕು ದಿನ ತಡವಾದರೆ ಸಾಕು, ಭಾಗಮ್ಮ ಸೇತುವೆಯ ಕಡೆ ಮುಖ ಹಾಕುತ್ತಿರಲಿಲ್ಲ. ಆದರೂ ಒಂದೂ ಉಳಿಯಲಿಲ್ಲ. ಊರಿನ ಬಸುರಿಯರಿಗೆ ಉಡಿ ತುಂಬಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದರೂ ಅಡುಗೆಮನೆಯಲ್ಲಿ ಹೋಳಿಗೆ ಮಾಡಲು.

ಐದನೆಯ ಸಲ ಎರಡು ತಿಂಗಳಿದ್ದಾಗ ತಾಯಿ ತೀರಿಕೊಂಡ ಸುದ್ದಿ ಬಂತು. ಅತ್ತೆ ಬಾಗಿಲಿಗೆ ಅಡ್ಡ ಕೂತಳು. ಗಂಡ ನೀಲಕಂಠ, ಆ ಪುಣ್ಯಾತ್ಮ, ಗದ್ದೆಯ ಕಡೆ ನಡೆದುಬಿಟ್ಟ. ಭಾಗಮ್ಮ ಹೆತ್ತವ್ವನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಹನ್ನೆರಡನೇ ದಿನಕ್ಕೆ ಆ ಬಸಿರೂ ಹೋಯಿತು. ಅವತ್ತು ತಾನು ಅತ್ತದ್ದು ಕೂಸಿಗೋ ಅವ್ವನಿಗೋ, ಭಾಗಮ್ಮನಿಗೇ ತಿಳಿಯಲಿಲ್ಲ.

ಆಮೇಲೆ ಯಾರೋ ಹೇಳಿದರೆಂದು ಗಂಡ ಹೆಂಡತಿ ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ತಿಂಗಳು ಬಿಟ್ಟು ಹೋದಾಗ ಕಲಬುರಗಿ ಕಡೆಯ ಡಾಕ್ಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಿದಳು. ಮನುಷ್ಯನ ಮೈಯ ಜೀವಕೋಶದಲ್ಲಿ ನಲವತ್ತಾರು ವರ್ಣತಂತು. ಗಂಡಿನ ವೀರ್ಯಾಣು, ಹೆಣ್ಣಿನ ಅಂಡಾಣುಗಳಲ್ಲಿ ಮಾತ್ರ ಅದರ ಅರ್ಧ, ಇಪ್ಪತ್ಮೂರು. ಎರಡೂ ಕೂಡಿದರೆ ಕೂಸಿಗೆ ಮತ್ತೆ ನಲವತ್ತಾರು. ಭಾಗಮ್ಮನಲ್ಲಿ ಎಲ್ಲವೂ ಸರಿಯಿತ್ತು. ನೀಲಕಂಠನಲ್ಲಿ ಎರಡು ತಂತು ಒಂದಕ್ಕೊಂದು ಅಂಟಿಕೊಂಡು ಎಣಿಸಿದರೆ ನಲವತ್ತೈದೇ ಸಿಗುತ್ತಿದ್ದವು. ಅದರಿಂದ ಅವನ ಮೈಗೇನೂ ತೊಂದರೆಯಿಲ್ಲ. ಆದರೆ ಅರ್ಧ ಮಾಡಿ ಹಂಚುವಾಗ ಒಮ್ಮೊಮ್ಮೆ ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ, ಅಂಥ ಬಸಿರು ಸಾಮಾನ್ಯವಾಗಿ ನಿಲ್ಲುವುದಿಲ್ಲ.

"ಇದು ಭಾಳ ಸಲ ತಾಯಿಯಿಂದರ, ತಂದಿಯಿಂದರ ಬಂದಿರ್ತದ. ಯಾರ ತಪ್ಪೂ ಅಲ್ಲಮ್ಮ," ಎಂದಳು ಡಾಕ್ಟರಮ್ಮ.

ಯಾರ ತಪ್ಪೂ ಅಲ್ಲವಂತೆ! ಅವ್ವನ ಮಣ್ಣಿಗೂ ಬಿಡದ ಅತ್ತೆಯನ್ನು ಇವತ್ತು ಸುಮ್ಮನೆ ಬಿಡಬಾರದು ಎಂದು ಭಾಗಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿ ಕೂತಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. "ಕಾಲುವೀದಲ್ಲ, ನಂದಲ್ಲ. ನಿಮ್ಮ ಮಗನ ರಕ್ತದಾಗ ಅದ. ಅವರಿಗಿ ನಿಮ್ಮಿಂದರ ಬಂದಿರಬೇಕು, ಮಾವನಿಂದರ ಬಂದಿರಬೇಕು. ಯಾರ ತಪ್ಪೂ ಅಲ್ಲಂತ ಡಾಕ್ಟರಮ್ಮ ಹೇಳ್ಯಾಳ."

ಗೊಲ್ಲಾಳಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. ಬೈಯಲಿಲ್ಲ. "ಇಂವ ಹುಟ್ಟೂಕಿಂತ ಮೊದಲ ನನಗ ನಾಕು ಹೋಗ್ಯಾವು," ಅಂದಳು. ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. "ಆಗ ಕಾಲುವಿ ಎಲ್ಲಿತ್ತು? ಹೊಟ್ಟ್ಯಾಗಿನ ಕೂಸಿನ್ನ ನೀನ ತಿಂದಿ ಅಂತ ನಮ್ಮತ್ತಿ ಹೊಡೀತಿದ್ಲು." ಸೆರಗಿನಿಂದ ಮೂಗು ಒರೆಸಿಕೊಂಡು ಸೊಸೆಯ ಮುಖ ನೋಡಿದಳು. "ಯಾರ ತಪ್ಪೂ ಅಲ್ಲಂದ್ರ, ಆಕಿ ನನ್ನ ಯಾಕ ಅಷ್ಟು ಗೋಳು ಹೊಯ್ಕೊಂಡ್ಲು?"

"ನಾನೂ ನಿಮಗ ಅದನ್ನ ಕೇಳಾಕ ಬಂದೀನ್ರಿ, ಅತ್ತಿ," ಎಂದು ಭಾಗಮ್ಮ ಅವಳ ಪಕ್ಕದಲ್ಲೇ ಕುಸಿದು ಕೂತಳು.