ಗರಗಸಗಳಿಗೆ ಕೋಟು ಹೊಲಿದ ಭಾವ

ನಮ್ಮ ಭಾವ ದರ್ಜಿ. ಜೀವನವೆಲ್ಲ ಕತ್ತರಿ ಹಿಡಿದು ಬದುಕಿದವರು. ಜೀವ ಮಾತ್ರ ಹಳೆಯ ಗರಗಸಗಳ ಮೇಲೆ. ಗುಜರಿ ಅಂಗಡಿ, ಮುಚ್ಚಿಹೋದ ಬಡಗಿಯ ಕೊಟ್ಟಿಗೆ, ಯಾರದೋ ಅಟ್ಟ, ಎಲ್ಲೆಲ್ಲಿ ಗರಗಸವೊಂದು ಹಲ್ಲು ಕಿರಿದು ಬಿದ್ದಿರುತ್ತದೋ ಅಲ್ಲಿಗೆಲ್ಲ ದಂಡೆತ್ತಿ ಹೋಗಿ ಸೆರೆಯಿಂದ ಬಿಡಿಸಿ ತರುತ್ತಿದ್ದರು. ಹಿಡಿಗೆ ಹೂಬಳ್ಳಿ ಕೆತ್ತಿದ್ದು, ಬೆನ್ನಿಗೆ ಹಿತ್ತಾಳೆ ಪಟ್ಟಿ ಇದ್ದದ್ದು, ಇಬ್ಬರು ಎರಡು ಕಡೆಯಿಂದ ಎಳೆಯಬೇಕಾದ ಮಹಾಕಾಯ, ಹೀಗೆ ಹಿಂದಿನ ಕೋಣೆಯಲ್ಲಿ ಒಂದು ಸೇನೆಯೇ ಬೀಡುಬಿಟ್ಟಿತ್ತು. ಭಾವನ ಆಳ್ವಿಕೆಯಲ್ಲಿ ಆ ಸೇನೆ ಒಂದು ಕಡ್ಡಿಯನ್ನೂ ಕೊಯ್ದಿರಲಿಲ್ಲ. "ದುಡಿದು ದಣಿದಿವೆ ಪಾಪ, ಇನ್ನೇನಿದ್ರೂ ವಿಶ್ರಾಂತಿ" ಎಂದು ರಾಜಾಜ್ಞೆಯಾಗಿತ್ತು.

ಮನೆಯಲ್ಲಿ ಚೆನ್ನಾಗಿ ಬೆಳಕು ಬೀಳುವ ಕೋಣೆ ಅದೊಂದೇ. ಮಧ್ಯಾಹ್ನ ಕಾಲು ಚಾಚಿ ಕಾದಂಬರಿ ಓದಲು ಅಕ್ಕನಿಗೆ ಅದೇ ಬೇಕಿತ್ತು.

"ರೀ, ನಿಮ್ಮ ಗರಗಸ ಥಳಥಳ ಅಂತಿರೋವರೆಗೂ ಕೋಣೆ ನಿಮ್ದು. ಮಳೆಗಾಲ ಮುಗಿಯೋವಾಗ ಒಂದಕ್ಕೆ ತುಕ್ಕು ಕಂಡ್ರೂ ಅವೆಲ್ಲಾ ಗುಜರಿಗೆ, ನಾನು ಕೋಣೆಗೆ."

"ಆಗ್ಲಿ ಕಣೇ! ನಿನ್ನ ತಮ್ಮನೇ ಸಾಕ್ಷಿ."

ಬೇರೆ ಯಾರಾದರೂ ಆಗಿದ್ದರೆ ಎಣ್ಣೆ ಸವರಿ ಗೋಡೆಗೆ ನೇತುಹಾಕುತ್ತಿದ್ದರು. ಭಾವ ಅಳತೆ ಟೇಪು ಕೊರಳಿಗೆ ಹಾಕಿಕೊಂಡರು. ಒಂದೊಂದು ಗರಗಸದ ಹೆಗಲು, ಸೊಂಟ, ಉದ್ದ ಅಳೆದರು. ಉಣ್ಣೆ ಬಟ್ಟೆಯ ಕೋಟು, ಒಳಗೆ ಹತ್ತಿಯ ಅಸ್ತರು, ಕತ್ತಿನವರೆಗೂ ಗುಂಡಿ.

"ಗರಗಸಕ್ಕೆ ಜೇಬು ಯಾಕೆ ಭಾವ?" ಎಂದೆ.

"ಜೇಬಿಲ್ದೆ ಕೋಟು ಹೊಲಿದ್ರೆ ನಾಳೆ ನನ್ನ ಅಂಗಡಿಗೆ ಯಾರಯ್ಯ ಬರ್ತಾರೆ?"

"ಎಣ್ಣೆ ಹಚ್ಚಲ್ವಾ?"

"ಕೋಟು ಕಲೆ ಆಗುತ್ತಲ್ಲೋ!"

ಮಳೆ ಸುರಿಯಿತು, ನಿಂತಿತು. ಸಾಕ್ಷಿಯಾದ ನನ್ನೆದುರು ಭಾವ ಹೂಬಳ್ಳಿ ಹಿಡಿಯ ಪಟ್ಟದರಾಣಿಯ ಗುಂಡಿಗಳನ್ನು ಗತ್ತಿನಿಂದ ಬಿಚ್ಚಿದರು. ಬಿಚ್ಚಿದಷ್ಟೇ ಬೇಗ ಮತ್ತೆ ಹಾಕತೊಡಗಿದರು.

"ಇನ್ನೂ ನಿದ್ದೆ ಮಾಡ್ತಿದೆ."

"ಬಿಚ್ರೀ!" ಎಂದಳು ಅಕ್ಕ.

ಮಳೆಗಾಲದ ತೇವವನ್ನೆಲ್ಲ ಉಣ್ಣೆ ಹೊಟ್ಟೆತುಂಬ ಕುಡಿದು ಉಕ್ಕಿಗೆ ಒತ್ತಿ ಹಿಡಿದಿತ್ತು. ಒಂದರ ಹಿಂದೊಂದು ಕೋಟು ಕಳಚಿದಂತೆ ಇಡೀ ಸೇನೆಗೆ ಸಿಡುಬು ಎದ್ದದ್ದು ಕಂಡಿತು. ಭಾವ ಕೋಟುಗಳನ್ನು ಮಡಚಿಟ್ಟು, "ಮಾತು ಅಂದ್ರೆ ಮಾತು. ಗುಜರಿಯವನನ್ನ ಕರೆಸು" ಎಂದರು. ಪಟ್ಟದರಾಣಿಯ ಹಿಡಿಯನ್ನು ಮಾತ್ರ ಕೈಬಿಟ್ಟಿರಲಿಲ್ಲ.

ಅಕ್ಕ ಅದನ್ನು ಕಿತ್ತುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. "ಮೇಲ್ಮೇಲೆ ಹಿಡ್ದಿದೆ ಅಷ್ಟೆ. ಸೀಮೆಎಣ್ಣೆ ತನ್ನಿ, ಸ್ಯಾಂಡ್‌ಪೇಪರ್ ತನ್ನಿ. ಹೊಲಿಗೆ ಮೆಷಿನ್ನಿನ ಎಣ್ಣೆಯಂತೂ ಮನೇಲೇ ಇದೆ. ಕೋಣೆ ನಂದು. ನನ್ನ ಗೋಡೆ ಮೇಲೆ ಏನು ನೇತುಹಾಕ್ಬೇಕು ಅಂತ ನಾನು ಹೇಳ್ತೀನಿ."

ಸಂಜೆಯ ಹೊತ್ತಿಗೆ ಉಕ್ಕು ಹೊಳೆಯಿತು. ಗಾಳಿಯಾಡುವಂತೆ ನೇತುಹಾಕಲು ಗೂಟದ ಹಲಗೆ ಬೇಕು, ಹಲ್ಲುಗಳಿಗೆ ತೊಡಿಸಲು ನಡುವೆ ಸೀಳಿದ ಮರದ ಪಟ್ಟಿ ಬೇಕು. ಮುರಿದ ಮಂಚದ ಹಲಗೆ ಸಿಕ್ಕಿತು.

"ಕೊಯ್ಯಿರಿ."

"ಯಾವುದ್ರಲ್ಲಿ?"

"ಕೋಣೆ ತುಂಬ ಗರಗಸ ಇಟ್ಕೊಂಡು ಯಾವುದ್ರಲ್ಲಿ ಅಂತೀರಲ್ರೀ!"

ಭಾವ ಕಣ್ಣುಮುಚ್ಚಿ ರಾಣಿಯನ್ನೇ ರಣರಂಗಕ್ಕಿಳಿಸಿದರು. ಅದು ನಾಲ್ಕು ಬಾರಿ ಕೀಚಲು ದನಿ ತೆಗೆದು, ಸೊಟ್ಟಗೆ ಹೋಗಿ, ಸಿಕ್ಕಿಕೊಂಡಿತು. ಅಕ್ಕ ಸೆರಗು ಬಿಗಿದು ಮುಂದೆ ಬಂದಳು. ಗರಗಸ ಸರಸರ ಓಡಿತು. ಮರದ ಹೊಟ್ಟು ಭಾವನ ಮೀಸೆಯ ಮೇಲೆಲ್ಲ ಉದುರಿತು. ಅವಳ ಮುಖದಲ್ಲಿ ಆಗ ಕಂಡ ಹಿಗ್ಗು ಯಾವ ಕಾದಂಬರಿ ಓದುವಾಗಲೂ ಕಂಡದ್ದಲ್ಲ.

ಗೂಟ ಮುಗಿದು ಈಗ ಬೆಂಚಿನ ಸರದಿ. ಸೇನೆ ಗೋಡೆಯ ಮೇಲಿದೆ, ಪಾಳಿಯ ಪ್ರಕಾರ ದುಡಿಯುತ್ತದೆ. ಕೊಯ್ಯುವಾಗ ಹಲಗೆ ಅಲುಗದಂತೆ ಅದರ ಮೇಲೆ ಕೂರುವ ಹುದ್ದೆ ಭಾವನದು.

"ರೀ, ಇನ್ನೊಂಚೂರು ದಪ್ಪ ಆಗಿ. ಹಲಗೆ ಅಲ್ಲಾಡ್ತಿದೆ."