ಸೂಲಂಗಿ ಕಡ್ಡಿಯ ಬಾಂಬರು

ಮೊನ್ನೆ ಕಿಕ್ಕೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಬ್ಬು ತುಂಬಿದ ಟ್ರಾಕ್ಟರೊಂದು ಮಾಕವಳ್ಳಿ ಸಕ್ಕರೆ ಕಾರ್ಖಾನೆ ಕಡೆ ಹೋಯಿತು. ಅದರಿಂದ ಒಂದು ಸೂಲಂಗಿ ಉದುರಿ ನನ್ನ ಕಾಲ ಬಳಿ ಬಿತ್ತು. ಕಬ್ಬು ಹೂ ಬಿಟ್ಟಾಗ ನೆತ್ತಿಯಲ್ಲಿ ನಿಲ್ಲುತ್ತದಲ್ಲ, ಆ ಉದ್ದನೆಯ ಹಗುರ ಕಡ್ಡಿ. ಎತ್ತಿಕೊಂಡೆ. ಬಸ್ಸು ಮರೆತೇಹೋಯಿತು... ನಮಗೆ ಸಮಾಜ ವಿಜ್ಞಾನ ಕಲಿಸಿದ ಮೇಷ್ಟ್ರು ಇಂಥ ಕಡ್ಡಿಗಳಲ್ಲೇ ಬ್ರಿಟಿಷರ ಬಾಂಬರ್ ವಿಮಾನ ಕಟ್ಟಿದ್ದರು.

ಹೈಸ್ಕೂಲಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರು ಅವರೇ. ಅವರದೊಂದು ಕಟ್ಟಳೆಯಿತ್ತು: ವಾದದಲ್ಲಿ ಗೆದ್ದವನು ತಕ್ಷಣ ಎದುರು ಪಕ್ಷ ಹಿಡಿದು ಮತ್ತೆ ಮಾತಾಡಬೇಕು. ನಾಗಮಂಗಲ, ಪಾಂಡವಪುರ ಸುತ್ತಿ ಬಹುಮಾನದ ಕಪ್ಪುಗಳನ್ನು ಗೆದ್ದು ತಂದೆ, ನಿಜ. ಆದರೆ ನನಗೆ ಬೇಕಿದ್ದದ್ದು ಒಂದೇ. ಮೇಷ್ಟ್ರನ್ನು ಒಮ್ಮೆಯಾದರೂ ಸೋಲಿಸುವುದು.

ಆ ವಿಮಾನ ಕೆ.ಆರ್. ಪೇಟೆಯ ವಸ್ತುಪ್ರದರ್ಶನಕ್ಕೆಂದು ತಯಾರಾಗುತ್ತಿತ್ತು. ಸ್ಟಾಫ್ ರೂಮಿನ ತುಂಬ ಮೈದಾ ಅಂಟಿನ ವಾಸನೆ. ಮೊದಲು ಮೇಷ್ಟ್ರು ಎರಡು ಎಂಜಿನ್ನಿನ ಮ್ಯಾಂಚೆಸ್ಟರ್ ಎಂಬ ವಿಮಾನ ಕಟ್ಟಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದರ ಎಂಜಿನ್ನು ಪದೇ ಪದೇ ಕೈಕೊಟ್ಟಿತ್ತು. ಆಗ ಬ್ರಿಟಿಷರು ವಿಮಾನವನ್ನೇ ಗುಜರಿಗೆ ಹಾಕದೆ, ಒಡಲನ್ನು ಬಹುಪಾಲು ಹಾಗೇ ಉಳಿಸಿ, ರೆಕ್ಕೆ ಉದ್ದ ಮಾಡಿ, ನಂಬಿಕಸ್ಥ ಎಂಜಿನ್ನು ನಾಲ್ಕು ಕೂರಿಸಿದರು. ಅದೇ ಲಂಕಾಸ್ಟರ್. ಬಿಡಿಭಾಗಗಳನ್ನು ಬೇರೆ ಬೇರೆ ಕಡೆ ಮಾಡಿ ತಂದು ಜೋಡಿಸುತ್ತಿದ್ದುದರಿಂದ ಸಾವಿರಗಟ್ಟಲೆ ಹೊರಬಂದವು. ಮೇಷ್ಟ್ರೂ ರೆಕ್ಕೆಗೆ ಕಡ್ಡಿ ಸೇರಿಸಿ, ಎಂಜಿನ್ನುಗಳೆಂದು ಸೋಡಾ ಬಾಟಲಿಯ ಮುಚ್ಚಳ ಇನ್ನೆರಡು ಅಂಟಿಸಿದರು.

"ಎರಡಿದ್ರೆ ಎರಡು ಕೆಡ್ತವೆ, ನಾಕಿದ್ರೆ ನಾಕು ಕೆಡ್ತವೆ ಸಾ. ಇದ್ರಲ್ಲಿ ಏನು ಬುದ್ಧಿವಂತಿಕೆ?" ಎಂದೆ.

"ಲೇ, ಜೋಡೆತ್ತಲ್ಲಿ ಒಂದು ಮಲಗಿದ್ರೆ ಗಾಡಿ ನಿಂತ್ಕತದೆ. ನಾಕು ಕಟ್ಟಿದ್ರೆ ಕುಂಟ್ಕೊಂಡಾದ್ರೂ ಊರು ಸೇರ್ತೀಯ ಕಣ್ಲಾ!"

"ಊರು ಸುಟ್ಟ ವಿಮಾನ ಸಾ ಇದು. ಒಗಳ್ತಾ ಇದ್ದೀರಲ್ಲ?"

ಮೇಷ್ಟ್ರು ಅಂಟಿನ ಕೈ ಒರೆಸಿಕೊಂಡರು. "ಅಂಗಾರೆ ನಾಳೆ ಜನದ ಮುಂದೆ ನೀನೇ ಬಯ್ಯಿ. ನಾನು ಒಗಳ್ತೀನಿ. ಆಮೇಲೆ ಪಕ್ಷ ಬದಲು."

ಮಾರನೇ ದಿನ ವಸ್ತುಪ್ರದರ್ಶನದಲ್ಲಿ ಹಾಗೇ ಮಾಡಿದೆವು. ಪಕ್ಷ ಬದಲಾದದ್ದೇ, ಬೆಂಕಿ ಬಿದ್ದ ಊರುಗಳ ಬಗ್ಗೆ ಮೇಷ್ಟ್ರು ನನಗಿಂತ ಚೆನ್ನಾಗಿ ಮಾತಾಡಿಬಿಟ್ಟರು. ಹೊಗಳಬೇಕಾದ ನಾನು ರೆಕ್ಕೆ ಹಿಡಿದುಕೊಂಡು ತೊದಲಿದೆ. ನೋಡಲು ಬಂದಿದ್ದ ಹೆಂಗಸೊಬ್ಬರು ತಡೆಯಲಾರದೆ, "ಅಲ್ಲ ಮೇಷ್ಟ್ರೇ, ಇಷ್ಟೊತ್ತು ಒಗಳುದ್ರಿ, ಈಗ ಬಯ್ತಾ ಇದ್ದೀರಿ. ಇದನ್ನ ಮಾರೀರೋ, ಮಡಿಕ್ಕಂಡೀರೋ?" ಎಂದರು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಬಹುಮಾನ ಪಕ್ಕದ ಟೇಬಲ್ಲಿನ ಹನಿ ನೀರಾವರಿ ಮಾದರಿಗೆ ಹೋಯಿತು.

ಅವರನ್ನು ಸೋಲಿಸುವ ವಾದ ನನಗೆ ಸಿಕ್ಕಿದ್ದು ಈಚೆಗೆ, ಏನೋ ಓದುತ್ತಿದ್ದಾಗ. ಇನ್ನೂ ಭಾರದ ಬಾಂಬು ಹಿಡಿಯಲೆಂದು ಲಂಕಾಸ್ಟರಿನ ಹೊಟ್ಟೆಯನ್ನು ತಿದ್ದಿದ್ದರು. ಬೆಂಕಿ ಹತ್ತಿದರೆ ಒಳಗಿನ ಹುಡುಗರು ಪ್ಯಾರಾಚೂಟು ಕಟ್ಟಿಕೊಂಡು ಹಾರಬೇಕಾದ ಕಿಂಡಿ ಮಾತ್ರ ಕಿರಿದಾಗಿಯೇ ಉಳಿದಿತ್ತು. ಕುಂಟಿಕೊಂಡು ಊರು ಸೇರುವ ಮಾತು ಹಾಗಿರಲಿ ಸಾ, ಇಳಿಯುವ ಬಾಗಿಲನ್ನೇ ತಿದ್ದಲಿಲ್ಲವಲ್ಲ? ಇದಕ್ಕೆ ಏನನ್ನುತ್ತಿದ್ದರೋ... ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಸೂಲಂಗಿ ಹಿಡಿದು ಬಸ್‌ಸ್ಟಾಂಡಿನಲ್ಲಿ ನಿಂತೇ ಈ ವಾದವನ್ನು ಮನಸ್ಸಿನಲ್ಲಿ ಮಂಡಿಸಿದೆ. ಗೆದ್ದೆ! ನಗುವೂ ಬಂತು. ಆದರೆ ಕಟ್ಟಳೆ ಕಟ್ಟಳೆಯೇ. ಪಕ್ಷ ಬದಲಿಸಿ, ಮೇಷ್ಟ್ರ ಕಡೆ ನಿಂತು, ಅವರದೇ ದನಿಯಲ್ಲಿ ಶುರುಮಾಡಿದೆ: "ಲೇ, ಕೇಳಿಲ್ಲಿ..."

ಎದುರಿಗೆ ನಿಂತು ಒಪ್ಪುವುದಿಲ್ಲ ಎನ್ನಲು ಯಾರೂ ಇರಲಿಲ್ಲ.